ಹೊಲದ ಸುತ್ತಲಿನ ಒಂದು ಕಿಲೋಮೀಟರ್: ಬದು, ಹಳ್ಳ, ಅಕ್ಕಡಿ ಸಾಲುಗಳನ್ನು ಅಳೆದು ಕೂಡಿಸುವ ಕ್ರಮ

ಹೊಲದ ಬದು ಒಂದೇ ವರ್ಷದಲ್ಲಿ ಮಾಯವಾಗುವುದಿಲ್ಲ. ಪ್ರತಿ ವರ್ಷ ನೇಗಿಲು ಹೊಡೆಯುವಾಗ ಈ ಕಡೆಯವರು ನಾಲ್ಕು ಬೆರಳು, ಆ ಕಡೆಯವರು ನಾಲ್ಕು ಬೆರಳು ಒಳಗೆ ಸರಿಯುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಎತ್ತಿನ ಗಾಡಿ ಹೋಗುವಷ್ಟು ಅಗಲವಿದ್ದ ಬದುವಿನ ಜಾಗದಲ್ಲಿ ಎರಡು ಗಡಿಕಲ್ಲುಗಳು ಮಾತ್ರ ನಿಂತಿರುತ್ತವೆ. ವಿಜಯಪುರ ಜಿಲ್ಲೆಯ ಡೋಣಿ ನದಿಯ ಸೀಮೆಯಲ್ಲಿರುವ ನಮ್ಮ ಹೊಲದ ಉತ್ತರದ ಬದು ಹೀಗೆಯೇ ಕರಗಿತು. ಕರಗಿಸಿದವರಲ್ಲಿ ನಾವೂ ಇದ್ದೆವು. ಪಕ್ಕದ ಹೊಲದ ಕಾಕಾ ಆಗ "ತಮ್ಮಾ, ಬದು ಹೊಲಾ ತಿಂತೈತಿ, ಇರೂದಕ್ಕಿಂತ ಹೋಗೂದ ಚೊಲೋ" ಎನ್ನುತ್ತಿದ್ದರು. ಬದು ನಿಜವಾಗಿ ಎಷ್ಟು ಹೊಲ ತಿನ್ನುತ್ತದೆ ಎಂಬ ಲೆಕ್ಕವನ್ನು ಆಗ ಇಬ್ಬರೂ ಹಾಕಿರಲಿಲ್ಲ. ಈ ಲೇಖನದಲ್ಲಿ ಆ ಲೆಕ್ಕವೂ ಇದೆ.

ಒಂದು ಸೀಮೆಯೊಳಗೆ ಬೆಳೆ, ಬದು, ಹಳ್ಳ, ಹುಲ್ಲುಗಾವಲು, ಮರಗಳು ಎಷ್ಟು ಬಗೆಯಾಗಿವೆ, ಎಷ್ಟು ಹತ್ತಿರ ಹತ್ತಿರ ಹೆಣೆದುಕೊಂಡಿವೆ ಎಂಬುದನ್ನು ಪರಿಸರ ವಿಜ್ಞಾನಿಗಳು ಭೂದೃಶ್ಯದ ಸಂಕೀರ್ಣತೆ ಎಂದು ಕರೆಯುತ್ತಾರೆ. ಈ ಹೆಣಿಗೆ ಬಿಚ್ಚಿ ನೆಲ ಒಂದೇ ಬಣ್ಣದ ಹಾಳೆಯಂತಾದಾಗ ಪರಾಗಸ್ಪರ್ಶ ಮಾಡುವ ದುಂಬಿಗಳು, ಕೀಡಿಗಳನ್ನು ತಿನ್ನುವ ಹಕ್ಕಿಗಳು, ಕೀಡಿಗಳ ಮೈಯೊಳಗೆ ಮೊಟ್ಟೆಯಿಡುವ ಕಣಜಗಳು ಕಡಿಮೆಯಾಗುತ್ತವೆ. ಜಗತ್ತಿನ ನಾನಾ ಭಾಗಗಳ 89 ಅಧ್ಯಯನಗಳ, 1,475 ಸ್ಥಳಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಭೂದೃಶ್ಯ ಸರಳವಾಗುವುದರಿಂದ ಪರಾಗಸ್ಪರ್ಶ, ಕೀಟ ಹತೋಟಿಯಂಥ ಸೇವೆಗಳಿಗೆ ಆಗುವ ನಷ್ಟದಲ್ಲಿ ಅರ್ಧದವರೆಗಿನ ಪಾಲಿಗೆ ಕಾರಣ, ಕೆಲಸ ಮಾಡುವ ಜೀವಿಗಳ ಬಗೆಗಳೇ ಕಡಿಮೆಯಾಗುವುದು. ಒಂದೇ ಜಾತಿಯ ಜೇನು ಲಕ್ಷಗಟ್ಟಲೆ ಇದ್ದರೂ ಸಾಲದು, ಹತ್ತು ಜಾತಿಯ ದುಂಬಿಗಳು ಬೇಕು ಎಂದು ಇದರ ಅರ್ಥ.

ಮೊದಲ ಹೆಜ್ಜೆ: ನಕಾಶೆಯ ಮೇಲೆ ವೃತ್ತ ಎಳೆಯಿರಿ

ಗ್ರಾಮ ನಕಾಶೆಯ ಪ್ರತಿಯೊಂದನ್ನು ತನ್ನಿರಿ, ಇಲ್ಲವೇ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ನಿಮ್ಮ ಸರ್ವೆ ನಂಬರನ್ನು ಹುಡುಕಿರಿ. ಹೊಲದ ನಡುವಿನಿಂದ 500 ಮೀಟರ್ ತ್ರಿಜ್ಯದ ಒಂದು ವೃತ್ತ, 1 ಕಿಲೋಮೀಟರ್ ತ್ರಿಜ್ಯದ ಇನ್ನೊಂದು ವೃತ್ತ ಎಳೆಯಿರಿ. ಒಳವೃತ್ತದಲ್ಲಿ ಸುಮಾರು 194 ಎಕರೆ, ಹೊರವೃತ್ತದಲ್ಲಿ ಸುಮಾರು 776 ಎಕರೆ ನೆಲ ಬರುತ್ತದೆ. ಈ ಅಳತೆಯನ್ನೇ ಆರಿಸಲು ಕಾರಣವಿದೆ. ಹೆಜ್ಜೇನು ಹಲವು ಕಿಲೋಮೀಟರ್ ಹಾರಿ ಬರಬಲ್ಲದು. ಆದರೆ ಸಣ್ಣ ಒಂಟಿ ದುಂಬಿಗಳಿಗೂ ಕಣಜಗಳಿಗೂ ಕೆಲವು ನೂರು ಮೀಟರೇ ಒಂದು ಸೀಮೆ. 16 ಬೆಳೆಗಳ ಮೇಲಿನ 23 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2008ರ ಒಂದು ವಿಶ್ಲೇಷಣೆಯಲ್ಲಿ, ಸಹಜ ನೆಲೆಯಿಂದ ಸುಮಾರು 600 ಮೀಟರ್ ದೂರ ಹೋಗುವಷ್ಟರಲ್ಲಿ ಬೆಳೆಯ ಹೂವಿಗೆ ಕಾಡುದುಂಬಿಗಳ ಭೇಟಿ ಅರ್ಧಕ್ಕೆ ಇಳಿಯುತ್ತದೆ ಎಂದು ಕಂಡುಬಂದಿತು.

ಈಗ ಹೊರವೃತ್ತದೊಳಗೆ ಉಳುಮೆ ಕಾಣದ ನೆಲವನ್ನೆಲ್ಲ ಗುರುತು ಹಾಕಿರಿ: ಹಳ್ಳದ ದಂಡೆ, ಗೋಮಾಳ, ಗಾಯರಾಣ, ಗುಡ್ಡದ ಇಳಿಜಾರು, ಅಗಲವಾದ ಬದು, ಬಂಡಿ ದಾರಿಯ ಎರಡೂ ಮಗ್ಗುಲು, ಸ್ಮಶಾನ, ಗುಡಿಯ ಸುತ್ತಲಿನ ಮರಗಳು, ಹಾಳು ಬಾವಿ. ಪಹಣಿಯಲ್ಲಿ ಖರಾಬು ಎಂದು ನಮೂದಾಗಿರುವ ಗುಂಟೆಗಳನ್ನೂ ಬಿಡಬೇಡಿ. ಕಂದಾಯಕ್ಕೆ ಖರಾಬಾದ ನೆಲ ದುಂಬಿಗೆ ಊರು. ನಕಾಶೆಯಲ್ಲಿ ಇರುವುದೆಲ್ಲ ನೆಲದ ಮೇಲೆ ಉಳಿದಿರುವುದಿಲ್ಲವಾದ್ದರಿಂದ ಒಂದು ದಿನ ಮುಂಜಾನೆ ನಡೆದೇ ನೋಡಬೇಕು. ನಕಾಶೆಯಲ್ಲಿ ನೀಲಿ ಗೆರೆಯಾಗಿ ಕಂಡ ಹಳ್ಳವೊಂದನ್ನು ಹುಡುಕಿಕೊಂಡು ಹೋಗಿ ನಾನು ಒಂದು ಕಬ್ಬಿನ ಪಡದ ನಡುವೆ ನಿಂತಿದ್ದೇನೆ.

ಎರಡನೆಯ ಹೆಜ್ಜೆ: ನೀವು ಯಾವ ಬಗೆಯ ಸೀಮೆಯಲ್ಲಿದ್ದೀರಿ ಎಂದು ತಿಳಿಯಿರಿ

ಈ ಹೆಜ್ಜೆಯನ್ನು ಹಾರಿಸಿ ನೇರವಾಗಿ ಸಸಿ ನೆಡಲು ಹೋಗುವವರೇ ಹೆಚ್ಚು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು. ಯುರೋಪಿನ ಬೇಸಾಯದ ನೆಲಗಳನ್ನು ಅಭ್ಯಾಸ ಮಾಡಿದ ಜರ್ಮನಿಯ ಸಂಶೋಧಕರು 2005ರಲ್ಲಿ ಒಂದು ಅಂದಾಜನ್ನು ಮುಂದಿಟ್ಟರು. ಸುತ್ತಲಿನ ನೆಲದಲ್ಲಿ ಅರೆಸಹಜ ನೆಲೆ, ಅಂದರೆ ಮೇಲೆ ಗುರುತು ಹಾಕಿದಂಥ ಉಳುಮೆ ಕಾಣದ ನೆಲ, ಶೇ. 1ಕ್ಕಿಂತ ಕಡಿಮೆಯಿದ್ದರೆ ಒಬ್ಬ ರೈತ ತನ್ನ ಹೊಲದಲ್ಲಿ ಮಾಡುವ ಪ್ರಯತ್ನಕ್ಕೆ ಓಗೊಟ್ಟು ಬರುವ ಜೀವಿಗಳೇ ಅಲ್ಲಿ ಉಳಿದಿರುವುದಿಲ್ಲ, ಶೇ. 20ಕ್ಕಿಂತ ಹೆಚ್ಚಿದ್ದರೆ ಜೀವಿಗಳು ಹೇಗಿದ್ದರೂ ಬರುತ್ತವೆ, ಹೊಸ ಪ್ರಯತ್ನದಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಇವೆರಡರ ನಡುವಿನ ಸೀಮೆಯಲ್ಲಿಯೇ ಒಂದು ಬದು, ಒಂದು ಹೂವಿನ ಸಾಲು ಅತಿ ಹೆಚ್ಚು ಫಲ ಕೊಡುತ್ತದೆ. ನಮ್ಮ ಹೊರವೃತ್ತದ ಲೆಕ್ಕದಲ್ಲಿ ಶೇ. 1 ಎಂದರೆ ಸುಮಾರು 8 ಎಕರೆ, ಶೇ. 20 ಎಂದರೆ ಸುಮಾರು 155 ಎಕರೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಈ ಮೂರೂ ಬಗೆಗಳು ಸಿಗುತ್ತವೆ. ಖಾನಾಪುರದ ಪಶ್ಚಿಮ ಭಾಗದಲ್ಲಿ ಕಾಡು ಗದ್ದೆಯ ಅಂಚಿಗೇ ಬಂದು ನಿಂತಿರುತ್ತದೆ. ಅಲ್ಲಿ ಹೊಸದಾಗಿ ನೆಡುವುದಕ್ಕಿಂತ ಇರುವುದನ್ನು ಕಡಿಯದಿರುವುದೇ ಕೆಲಸ. ಕೃಷ್ಣಾ, ಘಟಪ್ರಭಾ ದಂಡೆಯ ಅಥಣಿ, ರಾಯಬಾಗ, ಜಮಖಂಡಿ, ಮುಧೋಳದ ನೀರಾವರಿ ಪಟ್ಟಿಗಳಲ್ಲಿ ಕಣ್ಣು ಹಾಯುವವರೆಗೂ ಕಬ್ಬು. ಅಲ್ಲಿ ಒಬ್ಬರೇ ಒಂದು ಬದು ಬೆಳೆಸಿದರೆ ಅದು ಸಮುದ್ರದ ನಡುವಿನ ಬಂಡೆಯಂತೆ ಒಂಟಿಯಾಗುತ್ತದೆ, ಆದುದರಿಂದ ಹಳ್ಳದ ಗುಂಟ ಹತ್ತು ಹೊಲದವರು ಕೂಡಿಯೇ ಮಾಡಬೇಕು. ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಹುನಗುಂದದ ಮಳೆಯಾಶ್ರಿತ ಎರಿಭೂಮಿಯ ಬಹಳಷ್ಟು ಊರುಗಳು ನಡುವಿನ ಬಗೆಗೆ ಸೇರುತ್ತವೆ. ಅಲ್ಲಿ ಒಬ್ಬ ರೈತ ಒಬ್ಬನೇ ಶುರು ಮಾಡಿದರೂ ಅರ್ಥವಿದೆ.

ಮೂರನೆಯ ಹೆಜ್ಜೆ: ನಿಮ್ಮ ಬೆಳೆಗೆ ಯಾವ ಸೇವೆ ಬೇಕು ಎಂದು ಕೇಳಿಕೊಳ್ಳಿರಿ

ಎಲ್ಲ ಬೆಳೆಗೂ ಜೇನು ಬೇಕು ಎನ್ನುವುದು ತಪ್ಪು. ಜೋಳಕ್ಕೆ ಗಾಳಿ ಸಾಕು, ಕಡಲೆ ತನ್ನ ಹೂವಿನೊಳಗೆ ತಾನೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ, ಕಬ್ಬಿಗೆ ಅದರ ಗೊಡವೆಯೇ ಇಲ್ಲ. ಸೂರ್ಯಕಾಂತಿಯ ಮಾತು ಬೇರೆ. ದುಂಬಿ ಬಾರದ ಹೊಲದಲ್ಲಿ ತೆನೆಯ ನಡುಭಾಗ ಜೊಳ್ಳಾಗುವುದನ್ನು ಬೆಳೆದವರೆಲ್ಲ ನೋಡಿದ್ದಾರೆ. ಇಂಡಿಯ ನಿಂಬೆ, ಬಾಗಲಕೋಟೆಯ ದಾಳಿಂಬೆ, ಕಲ್ಲಂಗಡಿ, ಸವತೆ, ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ ಇವೆಲ್ಲ ದುಂಬಿಗಳಿಗೆ ಋಣಿಯಾದ ಬೆಳೆಗಳು. ತೊಗರಿ ತನ್ನಷ್ಟಕ್ಕೆ ತಾನು ಕಾಯಿ ಕಟ್ಟಬಲ್ಲದಾದರೂ ಅದರ ಹೂವಿಗೆ ಖಾಯಂ ನೆಂಟರಿದ್ದಾರೆ. ಹೂ ಬಿಟ್ಟ ತೊಗರಿ ಸಾಲಿನಲ್ಲಿ ಬೆಳಗಿನ ಬಿಸಿಲೇರುವ ಹೊತ್ತಿಗೆ ಒಂದು ಕಡೆ ಕುಳಿತುಕೊಳ್ಳಿರಿ. ಕಪ್ಪು ಮೈಯ, ನೀಲಿ ಹೊಳಪಿನ ರೆಕ್ಕೆಯ ಬಡಗಿ ದುಂಬಿ ಗುಂಯ್ಗುಡುತ್ತ ಬಂದು ಹಳದಿ ಹೂವಿನ ಕೆಳದಳದ ಮೇಲೆ ಇಳಿದರೆ, ಅದರ ಭಾರಕ್ಕೆ ದಳ ಬಾಗಿ ಒಳಗಿನ ಕೇಸರಗಳು ಹೊರಗೆ ಚಿಮ್ಮಿ ಅದರ ಹೊಟ್ಟೆಗೆ ಪರಾಗ ಬಳಿಯುತ್ತವೆ. ಈ ದುಂಬಿ ಗೂಡು ಕೊರೆಯುವುದು ಒಣ ಕಟ್ಟಿಗೆಯಲ್ಲಿ, ಒಣ ಬಿದಿರಿನಲ್ಲಿ. ಬದುವಿನ ಮೇಲಿನ ಒಣ ಕೊಂಬೆಗಳನ್ನೆಲ್ಲ ಒಲೆಗೆ ಒಯ್ದರೆ ತೊಗರಿಯ ಕೆಲಸಗಾರರ ಮನೆ ಒಯ್ದಂತಾಯಿತು.

ಜೋಳ, ಕಡಲೆ, ಕಬ್ಬು ಬೆಳೆಯುವವರಿಗೆ ಬೇಕಾದ ಸೇವೆ ಕೀಟ ಹತೋಟಿ. ಇದಕ್ಕೆ ನಮ್ಮ ಭಾಗದಲ್ಲಿಯೇ ಸಾಕ್ಷಿಯಿದೆ. 2002ರಲ್ಲಿ ಸಾಂಗ್ಲಿಯ ಕಡೆಯಿಂದ ಬೆಳಗಾವಿ, ಬಾಗಲಕೋಟೆಯ ಕಬ್ಬಿಗೆ ಉಣ್ಣೆ ಹೇನು ಹಬ್ಬಿ ಗರಿಗಳೆಲ್ಲ ಸುಣ್ಣ ಬಳಿದಂತಾಗಿದ್ದವು. ಅದನ್ನು ಹಿಮ್ಮೆಟ್ಟಿಸಿದ್ದರಲ್ಲಿ ದೊಡ್ಡ ಪಾಲು ಡೀಫಾ ಎಂಬ ಪತಂಗದ ಮರಿಹುಳುವಿನದು ಮತ್ತು ಮೈಕ್ರೋಮಸ್ ಎಂಬ ಸಣ್ಣ ಪರಭಕ್ಷಕ ಕೀಟದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಮೈಕ್ರೋಮಸ್ ಅನ್ನು ಹೆಚ್ಚು ಸಂಖ್ಯೆಯಲ್ಲಿ ಬೆಳೆಸಿ ಹೊಲಗಳಿಗೆ ಬಿಡುವ ಕೆಲಸ ಮಾಡಿತು. ಇಂಥ ಮಿತ್ರಕೀಟಗಳು ಹೊಲದಲ್ಲಿ ನೆಲೆ ನಿಲ್ಲಬೇಕಾದರೆ ಕಟಾವಾದ ಮೇಲೆ ಕಬ್ಬಿನ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚುವುದನ್ನು ಬಿಡಬೇಕು.

ನಾಲ್ಕನೆಯ ಹೆಜ್ಜೆ: ಇರುವುದನ್ನು ಉಳಿಸಿಕೊಳ್ಳಿರಿ

ಪೊಟರೆಯಿರುವ ಹಳೆಯ ಬೇವು ಅಥವಾ ಹುಣಸೆ ಒಂದಿದ್ದರೆ ಅದು ಹೊಸದಾಗಿ ನೆಟ್ಟ ನೂರು ಸಸಿಗೆ ಸಮ. ಎರಿಭೂಮಿಯ ಬಿರುಕುಗಳಲ್ಲಿ ಮನೆ ಮಾಡುವ ಇಲಿಗಳನ್ನು ಹಿಡಿಯುವ ಹಾಲಕ್ಕಿ ವಾಸಿಸುವುದು ಆ ಪೊಟರೆಯಲ್ಲಿ. ಹೊಲದಿಂದ ಆರಿಸಿ ಬದುವಿಗೆ ಒಟ್ಟಿದ ಕಲ್ಲಿನ ಗುಡ್ಡೆಯಲ್ಲಿ ಓತಿ, ಹಾವುಗಳಿರುತ್ತವೆ. ಬದುವಿಗೆ ಬೆಂಕಿ ಹಚ್ಚುವುದನ್ನೂ ಕಳೆನಾಶಕ ಹೊಡೆಯುವುದನ್ನೂ ನಿಲ್ಲಿಸಿದರೆ ಎರಡು ಮಳೆಗಾಲದಲ್ಲಿ ತುಂಬೆ, ತಂಗಡಿ ತಾವಾಗಿಯೇ ಬರುತ್ತವೆ. ಹಾಗೆಂದು ಎಲ್ಲ ಕಡೆಯೂ ಹಸಿರು ಹೊದಿಸಬೇಕಿಲ್ಲ: ಅನೇಕ ಒಂಟಿ ದುಂಬಿಗಳು ನೆಲದಲ್ಲಿಯೇ ಬಿಲ ತೋಡುವುದರಿಂದ ಉಳುಮೆಯಿಲ್ಲದ ಬರಿ ಮಣ್ಣಿನ ಸಣ್ಣ ತುಣುಕು ಅವುಗಳಿಗೆ ಬೇಕು. ಗೋಮಾಳದ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ಸಾಲು ಮರ ನೆಡುವ ಉತ್ಸಾಹವನ್ನೂ ತಡೆದುಕೊಳ್ಳಿರಿ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಎಂಬ ಹುಲ್ಲೆಗಳಿಗಾಗಿಯೇ ವನ್ಯಜೀವಿಧಾಮ ಇರುವುದು ನಮ್ಮ ಸೀಮೆಯ ಕುರುಚಲು ಮತ್ತು ಹುಲ್ಲು ಪಾಳುನೆಲವಲ್ಲ ಎಂಬುದನ್ನು ತೋರಿಸುತ್ತದೆ.

ಐದನೆಯ ಹೆಜ್ಜೆ: ಬದುವಿಗೆ ಐದು ಗುಂಟೆ

ಈಗ ಕಾಕಾನ ಮಾತಿಗೆ ಲೆಕ್ಕ ಹಾಕೋಣ. ಚೌಕಾಕಾರದ ನಾಲ್ಕು ಎಕರೆ ಹೊಲದ ಒಂದು ಬದಿ ಸುಮಾರು 127 ಮೀಟರ್, ಸುತ್ತಳತೆ ಸುಮಾರು 510 ಮೀಟರ್. ಸುತ್ತಲೂ ಒಂದು ಮೀಟರ್ ಅಗಲದ ನೆಲವನ್ನು ಬದುವಿಗೆ ಬಿಟ್ಟರೆ ಹೋಗುವುದು ಐದು ಗುಂಟೆ. ನಾಲ್ಕು ಎಕರೆಗೆ 160 ಗುಂಟೆಯಾದ್ದರಿಂದ ಇದು ಶೇ. 3ರಷ್ಟು. ಟ್ರ್ಯಾಕ್ಟರ್ ತಿರುಗಿಸುವಾಗ ಅಂಚಿನಲ್ಲಿ ತುಳಿದು ಗಟ್ಟಿಯಾಗಿ ಅರೆಬೆಳೆ ಬರುವ ಜಾಗವೇ ಇದರಲ್ಲಿ ಬಹುಪಾಲು. ಆ ನೆಲದಿಂದ ಮಣ್ಣು ಉಳಿಯುವ ಲಾಭ ಬೇರೆ. "ಡೋಣಿ ಹರಿದರೆ ಓಣಿಯೆಲ್ಲ ಜೋಳ" ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ, ಆದರೆ ಇಂದು ಹೂಳು ತುಂಬಿದ ಡೋಣಿ ಜೋರು ಮಳೆಗೆ ದಂಡೆ ಮೀರಿ ಹೊಲಗಳಿಗೇ ನುಗ್ಗುತ್ತದೆ. ಆ ಹೂಳಿನಲ್ಲಿ ನಮ್ಮೆಲ್ಲರ ಕರಗಿದ ಬದುಗಳೂ ಸೇರಿವೆ.

ಆಳವಾದ ಎರಿಮಣ್ಣಿನಲ್ಲಿ ಸಮಪಾತಳಿ ಬದು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮೊದಲ ದೊಡ್ಡ ಮಳೆಗೇ ಒಡೆಯುವುದುಂಟು. ನೀರು ನಿಧಾನವಾಗಿ ಹರಿದು ಹೋಗುವಂತೆ ತುಸು ಇಳಿಜಾರು ಕೊಟ್ಟ ಬದು, ಅದರ ಮೇಲೆ ಲಾವಂಚ ಅಥವಾ ಸ್ಥಳೀಯ ಹುಲ್ಲಿನ ಬೇರು, ಹೊಲದೊಳಗೆ ಹಿಂಗಾರಿಯ ಮುಂಚೆ ಚೌಕು ಮಡಿ ಈ ಮೂರೂ ಕೂಡಿದರೆ ನೀರೂ ನಿಲ್ಲುತ್ತದೆ, ಬದುವೂ ನಿಲ್ಲುತ್ತದೆ.

ಮರ ನೆಡುವಾಗ ದಿಕ್ಕು ನೋಡಿರಿ. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ದಕ್ಷಿಣದ ಬದುವಿನ ಮರ ನಿಮ್ಮ ಜೋಳಕ್ಕೆ ನೆರಳು ಕೊಡುತ್ತದೆ, ಉತ್ತರದ ಬದುವಿನ ಮರ ನೆರೆಯವರ ಜೋಳಕ್ಕೆ ಕೊಡುತ್ತದೆ. ಬದುವಿನ ಜಗಳಗಳು ಹುಟ್ಟುವುದೇ ಇಲ್ಲಿ. ಆದುದರಿಂದ ಸಸಿ ತರುವ ಮೊದಲು ನೆರೆಯವರೊಂದಿಗೆ ಕುಳಿತು ಚಹಾ ಕುಡಿಯಿರಿ. ನಾಲ್ಕು ಎಕರೆಗೆ ನಾಲ್ಕೈದು ದೊಡ್ಡ ಮರ ಸಾಕು: ಬೇವು, ಬನ್ನಿ, ಕರಿಜಾಲಿ, ಹಳ್ಳದ ತಂಪಿದ್ದರೆ ಹೊಂಗೆ. ಬನ್ನಿಯ ಬೇರು ಆಳಕ್ಕಿಳಿಯುತ್ತದೆ, ನೆರಳು ತೆಳು. ದಸರೆಯಲ್ಲಿ ಊರೆಲ್ಲ ಬನ್ನಿ ಹಂಚಿದರೂ ಬನ್ನಿ ನೆಟ್ಟವರು ನನಗೆ ಕಂಡಿಲ್ಲ. ಉಳಿದ ಜಾಗಕ್ಕೆ ತಂಗಡಿ, ಲಕ್ಕಿ, ಬಾರಿ ಗಿಡಗಳು ಸಾಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ; ಬದು ನಿರ್ಮಾಣದ ನೆರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಆರನೆಯ ಹೆಜ್ಜೆ: ಬೆಳೆಯೊಳಗೇ ಬಗೆಗಳನ್ನು ತನ್ನಿರಿ

ಯುರೋಪು ಮತ್ತು ಉತ್ತರ ಅಮೆರಿಕದ 435 ಭೂದೃಶ್ಯಗಳನ್ನು ಹೋಲಿಸಿದ 2019ರ ಇನ್ನೊಂದು ಅಧ್ಯಯನದಲ್ಲಿ, ಹೊಲಗಳ ಸರಾಸರಿ ಗಾತ್ರವನ್ನು 5 ಹೆಕ್ಟೇರಿನಿಂದ 2.8 ಹೆಕ್ಟೇರಿಗೆ ಇಳಿಸುವುದು, ಅರೆಸಹಜ ನೆಲೆಯನ್ನು ಶೇ. 0.5ರಿಂದ ಶೇ. 11ಕ್ಕೆ ಏರಿಸಿದಷ್ಟೇ ಜೀವವೈವಿಧ್ಯಕ್ಕೆ ಒಳಿತು ಮಾಡಿತ್ತು. ನಮ್ಮ ಹಿಡುವಳಿಗಳು ಅದಕ್ಕಿಂತ ಚಿಕ್ಕವು, ಹಾಗಾಗಿ ನಾವು ಗೆದ್ದೆವು ಎಂದುಕೊಳ್ಳುವಂತಿಲ್ಲ. ನಲವತ್ತು ಜನ ಒಂದೇ ವಾರದಲ್ಲಿ ಒಂದೇ ತಳಿಯ ತೊಗರಿ ಬಿತ್ತಿ, ನಡುವಿನ ಬದುಗಳನ್ನು ಉತ್ತುಬಿಟ್ಟರೆ, ಪಹಣಿಯಲ್ಲಿ ಅದು ನಲವತ್ತು ಹೊಲ, ಕಾಯಿಕೊರಕದ ಚಿಟ್ಟೆಗೆ ಒಂದೇ ಹೊಲ.

ಮುಖ್ಯ ಬೆಳೆಯ ನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲು ಇದಕ್ಕೆ ಹಿರಿಯರು ಕಂಡುಕೊಂಡ ದಾರಿ. ಹಿಂಗಾರಿ ಜೋಳದಲ್ಲಿ ಕುಸುಬಿಯ ಸಾಲು, ಹೊಲದ ಅಂಚಿಗೂ ಕುಸುಬಿ. ಅದರ ಮುಳ್ಳು ದನಗಳನ್ನು ತಡೆಯುತ್ತದೆ, ಹೂವು ದುಂಬಿಗಳನ್ನು ಕರೆಯುತ್ತದೆ. ತೊಗರಿಯ ಸಾಲುಗಳ ನಡುವೆ ಹೆಸರು, ಅಲ್ಲಲ್ಲಿ ಪುಂಡಿ. ಕಬ್ಬಿನವರು ಸಾಲಿನ ಅಂತರ ಹೆಚ್ಚಿಸಿದ್ದರೆ ಮೊದಲ ಮೂರು ತಿಂಗಳಲ್ಲಿ ಒಂದು ದ್ವಿದಳ ಬೆಳೆ ತೆಗೆಯಬಹುದು.

ಕಡಲೆಯ ಬಗ್ಗೆ ತುಸು ವಿವರವಾಗಿ ಹೇಳಬೇಕು. ಇಬ್ಬನಿಯ ಮುಂಜಾನೆ ಕಡಲೆ ಹೊಲದ ಮೇಲೆ ಬಿಳಿ ಅರಿವೆ ಎಳೆದು ಹಿಂಡಿ ಹುಳಿ ತೆಗೆಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಎಲೆಯ ಮೇಲಿನ ಅದೇ ಹುಳಿಯ ಕಾರಣದಿಂದ, ಬೇರೆ ಬೆಳೆಗಳಲ್ಲಿ ಕೀಡಿಯ ಮೊಟ್ಟೆಗಳನ್ನು ನಾಶ ಮಾಡುವ ಟ್ರೈಕೊಗ್ರಾಮಾ ಎಂಬ ಸೂಕ್ಷ್ಮ ಕಣಜ ಕಡಲೆಯಲ್ಲಿ ಹೆಚ್ಚು ಕೆಲಸ ಮಾಡಲಾರದು. ಈ ಕಣಜಗಳಿರುವ ಕಾರ್ಡು ಕೊಂಡು ತಂದು ಕಡಲೆಗೆ ಕಟ್ಟಿ ನಿರಾಶರಾದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ಕಡಲೆಯಲ್ಲಿ ಕೆಲಸ ಮಾಡುವುದು ಕ್ಯಾಂಪೊಲೆಟಿಸ್ ಎಂಬ ಇನ್ನೊಂದು ಕಣಜ. ಅದು ಸಣ್ಣ ಕೀಡಿಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಬೆಳೆದು ದೊಡ್ಡದಾದ ಕಣಜದ ಹೊಟ್ಟೆಗೆ ಬೇಕಾದದ್ದು ಮಾತ್ರ ಹೂವಿನ ಮಕರಂದ. ಕಡಲೆಯ ನಡುವೆ ಹವೀಜದ (ಕೊತ್ತಂಬರಿಯ) ಸಾಲು ಹಾಕುವುದು ಇದಕ್ಕಾಗಿಯೇ. ಹವೀಜದ ಹೂವು ಚಿಕ್ಕದು, ತೆರೆದದ್ದು, ಕಣಜದ ಗಿಡ್ಡ ಬಾಯಿಗೆ ಎಟುಕುವಂಥದ್ದು.

ಹಕ್ಕಿಗಳಿಗಾಗಿ ಕಡಲೆ, ತೊಗರಿಯಲ್ಲಿ ಎಕರೆಗೆ ಇಪ್ಪತ್ತರಷ್ಟು ಕವಲು ಕಟ್ಟಿಗೆಗಳನ್ನು ಬೆಳೆಗಿಂತ ಎರಡು ಅಡಿ ಎತ್ತರವಾಗಿ ನೆಡಿರಿ. ಕಾಜಾಣ, ಮೈನಾ, ನೀಲಕಂಠ ಅಲ್ಲಿ ಕುಳಿತು ಕೀಡಿ ಹೆಕ್ಕುತ್ತವೆ. ಎಳ್ಳು ಅಮಾವಾಸ್ಯೆಯಂದು ಹೊಲದಲ್ಲಿ ಅಡುಗೆ ಚೆಲ್ಲುವ ಚರಗವೂ ಕೀಡಿ ಬೀಳುವ ಹೊತ್ತಿಗೇ ಹಕ್ಕಿಗಳನ್ನು ಹೊಲಕ್ಕೆ ಕರೆಯುತ್ತದೆ. ಜೋಳ ಹಾಲುಗಾಳಾಗುವ ಹೊತ್ತಿಗೆ ಅಕ್ಕಪಕ್ಕದ ಕಟ್ಟಿಗೆಗಳನ್ನು ಮರೆಯದೆ ಕೀಳಿರಿ, ಇಲ್ಲದಿದ್ದರೆ ಸೀತನಿ ತಿನ್ನಲು ನಿಮಗೆ ತೆನೆ ಉಳಿಯುವುದಿಲ್ಲ.

ಏಳನೆಯ ಹೆಜ್ಜೆ: ಹೂವಿನ ಪಂಚಾಂಗದಲ್ಲಿ ತೆರಪು ಹುಡುಕಿರಿ

ಬೆಳೆಯ ಹೂವು ಕೆಲವು ವಾರಗಳ ಹಬ್ಬ. ಉಳಿದ ತಿಂಗಳು ದುಂಬಿಗೆ ಉಪವಾಸ. ಹನ್ನೆರಡು ತಿಂಗಳನ್ನು ಬರೆದು ನಿಮ್ಮ ಒಳವೃತ್ತದಲ್ಲಿ ಆಯಾ ತಿಂಗಳು ಏನು ಹೂ ಬಿಡುತ್ತದೆ ಎಂದು ಎದುರಿಗೆ ಬರೆಯಿರಿ. ಶ್ರಾವಣದ ಸುಮಾರಿಗೆ ಹೆಸರು, ತುಂಬೆ. ಆಮೇಲೆ ಬಾರಿ, ತೊಗರಿ. ಚಳಿಯಲ್ಲಿ ಹವೀಜ, ನಂತರ ಕುಸುಬಿ. ಸುಗ್ಗಿ ಮುಗಿದ ಮೇಲೆ ಬಹಳಷ್ಟು ಹೊಲಗಳ ಪಟ್ಟಿ ಖಾಲಿ ಬೀಳುತ್ತದೆ. ಆ ತೆರಪನ್ನು ತುಂಬುವುದು ಬೇವು, ಹೊಂಗೆ, ಹುಣಸೆಗಳಂಥ ಮರಗಳು ಮಾತ್ರ, ಏಕೆಂದರೆ ಆಗ ನೀರಿಗಾಗಿ ಆಳಕ್ಕೆ ಬೇರು ಬಿಟ್ಟವಕ್ಕಷ್ಟೇ ಹೂ ಬಿಡುವ ಶಕ್ತಿಯಿರುತ್ತದೆ.

ಎಂಟನೆಯ ಹೆಜ್ಜೆ: ಔಷಧಿ ಹೊಡೆಯುವ ಮೊದಲು ಎಣಿಸಿರಿ

ಮಿತ್ರಕೀಟಗಳನ್ನು ಕರೆದು ಕೂಡಿಸಿ ಆಮೇಲೆ ತಾರೀಖು ನೋಡಿ ಔಷಧಿ ಹೊಡೆದರೆ ಮೇಲಿನ ಕೆಲಸವೆಲ್ಲ ವ್ಯರ್ಥ. ಕಡಲೆಯಲ್ಲಿ ಹತ್ತು ಕಡೆ ಒಂದೊಂದು ಮೀಟರ್ ಸಾಲು ಎಣಿಸಿ, ಮೀಟರಿಗೆ ಒಂದೆರಡು ಕೀಡಿ ದಾಟಿದರಷ್ಟೇ ಮುಂದಿನ ಯೋಚನೆ ಮಾಡಿರಿ. ಮೊದಲ ಆಯ್ಕೆ 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ಕಷಾಯ ಇರಲಿ. ಏನೇ ಹೊಡೆದರೂ ದುಂಬಿಗಳು ಗೂಡಿಗೆ ಮರಳಿದ ಸಂಜೆಯ ಹೊತ್ತಿನಲ್ಲಿ ಹೊಡೆಯಿರಿ, ಬದುವಿನ ಹೂಗಳಿಗೆ ತಾಗಿಸಬೇಡಿರಿ.

ಕೆಟ್ಟದ್ದೂ ಬರುತ್ತದೆ

132 ಅಧ್ಯಯನಗಳ 6,759 ಹೊಲಗಳನ್ನು ನೋಡಿದ 2018ರ ವಿಶ್ಲೇಷಣೆಯಲ್ಲಿ, ಸುತ್ತಲಿನ ಸಹಜ ನೆಲೆಗೆ ಪೀಡೆ ಕೀಟಗಳೂ ಅವುಗಳ ಶತ್ರುಗಳೂ ಒಂದೊಂದು ಕಡೆ ಒಂದೊಂದು ರೀತಿ ಸ್ಪಂದಿಸಿದ್ದವು. ಬದು ಬೆಳೆಸಿದ ಎಲ್ಲರಿಗೂ ಕೀಡಿ ಕಡಿಮೆಯಾಗುತ್ತದೆ ಎಂದು ಮಾತು ಕೊಡುವವರನ್ನು ನಂಬಬೇಡಿರಿ. ಬಳ್ಳಾರಿ ಜಾಲಿಯ ಮೆಳೆ ಹಬ್ಬಿದರೆ ಅದರೊಳಗೆ ಹಂದಿ ಸೇರುತ್ತವೆ, ಬೇರೆ ಗಿಡ ಏಳುವುದಿಲ್ಲ. ಅದನ್ನು ಬೇರುಸಹಿತ ತೆಗೆಯಿರಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮುಂಚೆಯೇ ಕೀಳಿರಿ. ದ್ರಾಕ್ಷಿ ಪಡದ ಅಂಚಿಗೆ ದಟ್ಟ ಮರ ಬೇಡ. ಗಾಳಿಯಾಡದಿದ್ದರೆ ಬೂಜು ರೋಗಕ್ಕೆ ದಾರಿಯಾಗುತ್ತದೆ.

ಕೊನೆಯ ಹೆಜ್ಜೆ: ವಹಿ ಇಡಿರಿ

ಒಂದು ಇನ್ನೂರು ಪುಟದ ನೋಟುಬುಕ್ಕು ಸಾಕು. ಸೂರ್ಯಕಾಂತಿ ಹೂ ಬಿಟ್ಟಾಗ ಬೆಳಗಿನ 9ರಿಂದ 11ರೊಳಗೆ ಹತ್ತು ತೆನೆಗಳ ಮುಂದೆ ಹತ್ತು ನಿಮಿಷ ನಿಂತು ಎಷ್ಟು ಬಗೆಯ ದುಂಬಿ ಬಂದವು ಎಂದು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ "ಸಣ್ಣ ಕರಿ", "ಪಟ್ಟಿ ಹೊಟ್ಟೆ" ಎಂದು ಗುರುತು ಹಾಕಿದರೂ ಸಾಕು. ಕಡಲೆಯಿಂದ ಇಪ್ಪತ್ತು ಸಣ್ಣ ಕೀಡಿಗಳನ್ನು ಆರಿಸಿ, ತೂತು ಮಾಡಿದ ಡಬ್ಬಿಗಳಲ್ಲಿ ಒಂದೊಂದಾಗಿ ಕಡಲೆ ಸೊಪ್ಪಿನೊಂದಿಗೆ ಇಟ್ಟು ವಾರ ಕಾಯಿರಿ. ಕೆಲವು ಡಬ್ಬಿಗಳಲ್ಲಿ ಕೀಡಿಯ ಬದಲು ಅದರ ಒಣ ಚರ್ಮವೂ, ಅದಕ್ಕೆ ಅಂಟಿದಂತೆ ಮಾಸಲು ಬಿಳಿಯ ಸಣ್ಣ ಗೂಡೂ ಸಿಗುತ್ತವೆ. ಅವು ಕ್ಯಾಂಪೊಲೆಟಿಸ್ ಪಾಲಾದ ಕೀಡಿಗಳು. ಇಪ್ಪತ್ತರಲ್ಲಿ ಅಂಥವು ಎಷ್ಟು ಎಂಬ ಅಂಕಿಯನ್ನು ಬರೆದುಕೊಳ್ಳಿರಿ, ಗೂಡುಗಳನ್ನು ಹವೀಜದ ಸಾಲಿನಲ್ಲಿ ಬಿಡಿರಿ, ಮುಂದಿನ ವರ್ಷ ಅದೇ ಸಾಲಿನಿಂದ, ಅದೇ ವಾರದಲ್ಲಿ ಮತ್ತೆ ಇಪ್ಪತ್ತು ಕೀಡಿ ಆರಿಸಿರಿ.